ಏಳು ಮೀನುಗಳ ಪಾರಣೆ

ಅಮೆರಿಕದ ಶಾಮ್‌ಬರ್ಗ್‌ನಲ್ಲಿ ನಾವು ಕೊಂಡ ಮನೆಯ ಹಿತ್ತಲಿನಲ್ಲಿ ಒಂದು ಪುಟ್ಟ ಕೊಳ, ಅದರಲ್ಲಿ ಏಳು ಗೋಲ್ಡ್‌ಫಿಶ್. ಮನೆ ಮಾರಿದ ಮುದುಕರು ಬೀಗದ ಕೈ ಜೊತೆ ಎರಡು ಕಟ್ಟಪ್ಪಣೆಗಳನ್ನೂ ಕೊಟ್ಟು ಹೋಗಿದ್ದರು. ನೀರು ಐವತ್ತು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮೀನಿಗೆ ತಿಂದದ್ದು ಅರಗುವುದಿಲ್ಲ, ಊಟ ಬಂದ್. ಕೊಳ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯಲ್ಲಿ ಒಂದು ತೂತು ಸದಾ ತೆರೆದಿರಬೇಕು. ತೂತಿನ ಕೆಲಸಕ್ಕೆ ನೀರಿನ ಮೇಲೆ ತೇಲುವ ಹೀಟರ್ ಸಿಕ್ಕಿತು. ಊಟ ಬಂದ್ ಮಾಡುವುದೇ ಕಷ್ಟವಾಯಿತು, ಏಕೆಂದರೆ ಆ ಅಕ್ಟೋಬರ್‌ನಲ್ಲಿ ಮೈಸೂರಿನಿಂದ ನನ್ನ ಅತ್ತೆ ಬಂದಿದ್ದರು.

ಊರಿನಲ್ಲಿ ಅತ್ತೆ ದೇವಸ್ಥಾನದ ಕಲ್ಯಾಣಿಯ ಮೀನಿಗೆ ಕಡಲೆಪುರಿ ಹಾಕದೆ ಹಿಂತಿರುಗಿದವರೇ ಅಲ್ಲ.

"ಐದು ತಿಂಗಳು ಉಪವಾಸ ಕೆಡವ್ತೀಯಾ? ಮನೇಲಿ ಇಷ್ಟು ಅಡುಗೆ ಆಗತ್ತೆ!"

"ಏಕಾದಶಿ ಅಂದ್ಕೊಳ್ಳಿ ಅತ್ತೆ. ನೀವೂ ಮಾಡ್ತೀರಲ್ಲ."

"ನಂದು ಒಂದು ದಿನದ್ದು ಕಣೇ. ಮಾರನೇ ದಿನ ದ್ವಾದಶಿ ಪಾರಣೆ ಮಾಡಿ ಹೊಟ್ಟೆ ತುಂಬಾ ಊಟ ಮಾಡ್ತೀನಿ."

ಜನವರಿಯ ಒಂದು ಬೆಳಿಗ್ಗೆ ಹೀಟರ್ ನೋಡಲು ಹೋದರೆ, ತೂತಿನ ಸುತ್ತ ಗಡ್ಡೆಯೊಳಗೆ ಕಡಲೆಪುರಿ ಹೆಪ್ಪುಗಟ್ಟಿ ಕೂತಿತ್ತು. ಹಿಮದ ಮೇಲೆ ಅತ್ತೆಯ ಬೂಟಿನ ಗುರುತು, ಹೋದದ್ದೂ ಬಂದದ್ದೂ. ನನಗೆ ಕೋಪ ಬಂದರೆ ಒಗ್ಗರಣೆಯ ಸಾಸಿವೆಯ ಹಾಗೆ, ಸಿಡಿದ ಮೇಲೇ ಎಚ್ಚರ.

"ಪುಣ್ಯ ಮಾಡೋಕ್ಕೆ ಹೋಗಿ ಅವನ್ನ ಕೊಲ್ತೀರಾ ಅತ್ತೆ?" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು. ಅಂದಿನಿಂದ ಅತ್ತೆಯದು ದಿನವೂ ಒಂದೇ ಪ್ರಶ್ನೆ: "ಏಳೂ ಇದಾವೇನೇ?" ಯಾರಿಗೆ ಗೊತ್ತು? ಚಳಿಗೆ ಮೀನುಗಳು ತಳ ಸೇರಿ ಅಲುಗಾಡದೆ ಬಿದ್ದಿರುತ್ತವೆ. ಮೇಲೆ ದಪ್ಪ ಗಡ್ಡೆ.

ಶನಿವಾರ ಸಂಜೆ ನಮ್ಮಲ್ಲಿ ಚುರುಮುರಿ ಕಡ್ಡಾಯ. ಅತ್ತೆ ಅದನ್ನೂ ಬಿಟ್ಟರು. "ಹಲ್ಲು ನೋವು" ಎಂದರು. ಕೋಡುಬಳೆಯನ್ನು ಕಟಕಟನೆ ಕಡಿಯುವ ಹಲ್ಲಿಗೆ ಪುರಿ ಭಾರವೇ? "ಅಜ್ಜಿ ಈಸ್ ಆನ್ ಸ್ಟ್ರೈಕ್" ಎಂದಳು ಮಗಳು. ನನ್ನ ಮೇಲಿನ ಮುನಿಸು ಎಂದುಕೊಂಡು ನಾನೂ ಬಿಂಕದಿಂದಲೇ ಇದ್ದೆ.

ಏಪ್ರಿಲ್‌ನಲ್ಲಿ ಗಡ್ಡೆ ಕರಗಿತು. ಆದರೆ ಕೊಳೆತ ಎಲೆಗಳಿಂದ ನೀರು ಕಾಫಿ ಬಣ್ಣಕ್ಕೆ ತಿರುಗಿ ಒಳಗೇನೂ ಕಾಣಿಸುತ್ತಿರಲಿಲ್ಲ. ಮೀನು ಮೇಲೆ ಬಂದರೆ ತಾನೆ ಎಣಿಸುವುದು! ಅತ್ತೆಯ ಫ್ಲೈಟ್ ದಿನ ಬಂತು. ಸೂಟ್‌ಕೇಸ್‌ಗಳು ಕಾರಿಗೇರಿದವು. ಕೊಳದ ಥರ್ಮಾಮೀಟರ್ ನೋಡಿದೆ, ನಲವತ್ತೆಂಟು. ಅವರ ಮುಖ ನೋಡಲಾಗದೆ, "ಐವತ್ತಾಯ್ತು, ನಾಲ್ಕು ಕಾಳು ಹಾಕಿ" ಎಂದೆ.

ಅತ್ತೆ ಕನ್ನಡಕ ಏರಿಸಿ, ಬಗ್ಗಿ, ತಾವೇ ಓದಿದರು.

"ಸುಳ್ಳಿ! ಹೊತ್ತಿಗೆ ಮುಂಚೆ ಪಾರಣೆ ಮಾಡ್ಬಾರ್ದು" ಎಂದು ಪುರಿಯ ಪೊಟ್ಟಣವನ್ನು ನನ್ನ ಕೈಗಿಟ್ಟರು. "ನೀನೇ ಹಾಕು. ಆಗ ನಂಗೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಸರಿ."

ಐದು ದಿನದ ಮೇಲೆ, ಬೆಳಿಗ್ಗೆ ಐವತ್ತೆರಡು ಡಿಗ್ರಿ. ವಿಡಿಯೊ ಕಾಲ್ ಮಾಡಿದೆ. ಮೈಸೂರಿನಲ್ಲಿ ಸಂಜೆ, ಅತ್ತೆ ಅಡುಗೆಮನೆಯಲ್ಲಿದ್ದರು. ನಾಲ್ಕು ಕಾಳು ಪುರಿ ಉದುರಿಸಿದೆ. ಏನೂ ಇಲ್ಲ. ಫೋನನ್ನು ನೀರಿನತ್ತ ತಿರುಗಿಸಿ ಹಿಡಿದೆ. ಆಮೇಲೆ ಒಂದು ಕೆಂಪು ಬಾಯಿ ಮೇಲೆ ಬಂದು ಪುಳಕ್ಕನೆ ಪುರಿ ನುಂಗಿತು.

"ಒಂದು!" ಅತ್ತೆ ಕೂಗಿದರು. ಮೂರು, ಐದು, ಆರು. ಅಲ್ಲಿಗೆ ನಿಂತಿತು. ಇನ್ನೆರಡು ಕಾಳು ಉದುರಿಸಿದೆ. ದಡದ ಬಂಡೆಯ ಮಗ್ಗುಲಿನಿಂದ ಬಿಳಿ ಬಾಲದ ಸೋಮಾರಿ ನಿಧಾನವಾಗಿ, ಮದುವೆ ಊಟಕ್ಕೆ ಕೊನೆಯ ಪಂಕ್ತಿಗೆ ಬರುವವರ ಹಾಗೆ, ತೇಲಿ ಬಂತು.

"ಏಳು!" ಇಬ್ಬರೂ ಒಟ್ಟಿಗೆ ಕೂಗಿದೆವು. ಪಕ್ಕದ ಮನೆಯ ನಾಯಿ ಬೊಗಳಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದಲ್ಲಿದ್ದ ತಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದರು. ತಟ್ಟೆ ತುಂಬ ಚುರುಮುರಿ, ಈರುಳ್ಳಿ, ಕ್ಯಾರೆಟ್ ತುರಿ.

"ಊರಿಗೆ ಬಂದಾಗಿನಿಂದ ದಿನಾ ಸಂಜೆ ಕಲಸಿಟ್ಟು, ನಿನ್ನ ಫೋನ್ ಬರ್ದೆ ನಿನ್ನ ಮಾವನವ್ರಿಗೆ ಕೊಟ್ಬಿಡ್ತಿದ್ದೆ" ಎಂದರು. "ಅವು ಪುರಿ ತಿನ್ನೋವರೆಗೂ ನಾನೂ ಮುಟ್ಟಲ್ಲ ಅಂದ್ಕೊಂಡಿದ್ನಲ್ಲ ಕಣೇ, ಜನವರಿಯಿಂದ."

ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಗಿದರು.