ಭುಜದ ಮೇಲಿನ ಕೈ

ನಮ್ಮ ಚಿಕ್ಕಸ್ವಾಮಿ ಈಗ ಮದುವೆಗಳಿಗೆ ಹೋಗುವುದಿಲ್ಲ. ಪಾಸ್‌ಪೋರ್ಟ್ ಸೈಜು ಫೋಟೋ ತೆಗೆದುಕೊಂಡು ಸ್ಟುಡಿಯೋದಲ್ಲೇ ಕೂತಿರುತ್ತಾನೆ. ಕೇಳಿದವರಿಗೆ ಬೆನ್ನುನೋವು ಎನ್ನುತ್ತಾನೆ. ಸುಳ್ಳು. ಅವನ ಬೆನ್ನು ಗಟ್ಟಿಮುಟ್ಟಾಗಿದೆ, ಪಕ್ಕದ ಅಂಗಡಿಯವನಾದ ನನಗೆ ಅಷ್ಟೂ ಗೊತ್ತಾಗುವುದಿಲ್ಲವೇ? ನಾಗಮಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಸ್ಟುಡಿಯೋ, ನನ್ನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಅವನು ತೆಗೆದ ಜೋಡಿ ಫೋಟೋಗಳಿಗೆಲ್ಲ ಗಾಜು ಕೂರಿಸಿದವನು ನಾನೇ.

ಮದುವೆಮನೆಯಲ್ಲಿ ಅವನ ದರ್ಬಾರು ನೋಡಬೇಕಿತ್ತು. ಛತ್ರದೊಳಗೆ ಕಾಲಿಟ್ಟವನು ಮೊದಲು ಹುಡುಕುತ್ತಿದ್ದದ್ದು ಮದುಮಕ್ಕಳನ್ನಲ್ಲ, ಜನ ಹೆದರುವಂಥ ಒಬ್ಬ ಸೋದರಮಾವನನ್ನು. ಆ ಮಾವನಿಗೆ ಎಲೆಅಡಿಕೆ ಕೊಟ್ಟು, ನಾಲ್ಕು ಹೊಗಳಿಕೆಯ ಮಾತಾಡಿ, ವೇದಿಕೆಗೆ ನುಗ್ಗುವವರನ್ನು ತಡೆಯುವ ಕೆಲಸ ಹಚ್ಚಿಬಿಡುತ್ತಿದ್ದ. ತಾಳಿ ಕಟ್ಟುವ ಗಳಿಗೆಯಲ್ಲಿ ತಲೆ ಅಡ್ಡ ತರಬಾರದೆಂದು ಪುರೋಹಿತರ ಹತ್ತಿರವೂ ಮೊದಲೇ ಮಾತಾಗಿರುತ್ತಿತ್ತು. ಹೆಣ್ಣು ಒಪ್ಪಿಸುವಾಗ ಇಡೀ ಛತ್ರ ಅಳುತ್ತಿದ್ದರೆ ಇವನು ಕ್ಯಾಮೆರಾ ಕೆಳಗಿಳಿಸಿ ನಿಂತುಬಿಡುತ್ತಿದ್ದ. "ಆಲ್ಬಮ್ಮಲ್ಲಿ ಅಳು ಯಾರ್ಗ್ಲಾ ಬೇಕು, ಮಾದೇವ?" ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಮಹದೇವಸ್ವಾಮಿ, ಅವನ ಬಾಯಲ್ಲಿ ಮಾದೇವ.

ಫಿಲ್ಮು ದುಬಾರಿ. ನೆಂಟರಿಗೆ ಅದು ಅರ್ಥವಾಗುತ್ತದೆಯೇ? ತಮ್ಮದೊಂದು ಫೋಟೋ ತೆಗೆಯಲಿಲ್ಲ ಎಂದರೆ ಉಣ್ಣದೆ ಎದ್ದು ಹೋಗುವಂಥವರು ಇದ್ದರು. ಅವರಿಗಾಗಿಯೇ ಇದ್ದದ್ದು ಬರೀ ಫ್ಲಾಷು. ಕ್ಯಾಮೆರಾದ ಗುಂಡಿ ಮುಟ್ಟದೆ ಫ್ಲಾಷಿನ ಗುಂಡಿಯನ್ನಷ್ಟೇ ಒತ್ತುವುದು. ಬೆಳಕು ಬರುತ್ತದೆ, ನೆಂಟರು ಖುಷಿಯಾಗಿ ಇಳಿದು ಹೋಗುತ್ತಾರೆ, ಫಿಲ್ಮು ಉಳಿಯುತ್ತದೆ. ಇದನ್ನು ಇವನೊಬ್ಬನೇ ಮಾಡುತ್ತಿದ್ದ ಎಂದು ತಿಳಿಯಬೇಡಿ. ಕೃಷ್ಣರಾಜಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ಈ ಕಸುಬಿನವರೆಲ್ಲ ಮಾಡುತ್ತಿದ್ದರು.

ತೊಂಬತ್ನಾಲ್ಕರಲ್ಲಿ ಬಿಂಡಿಗನವಿಲೆಯ ಬೋರಯ್ಯನ ಮಗಳು ಯಶೋಧರಾಳ ಮದುವೆ ಇಲ್ಲೇ ಛತ್ರದಲ್ಲಿ ಆಯಿತು. ಬೋರಯ್ಯ ಕುರಿ ಸಾಕುವವನು, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ತಾನೇ ಬೆಳೆಸಿದವನು. ಗಂಡು ಲೋಕೇಶ ಪಾಂಡವಪುರದ ಕಡೆಯವನು, ಕಲ್ಲು ಸಾಗಿಸುವ ಟ್ರಾಕ್ಟರು ಇಟ್ಟಿದ್ದ.

ಆರತಕ್ಷತೆಯ ಸಂಜೆ ಅಲಂಕಾರ ಮಾಡಿಕೊಂಡು ಕೂತಿದ್ದ ಹುಡುಗಿ ಚಿಕ್ಕಸ್ವಾಮಿಯನ್ನು ಕರೆದು, "ಅಣ್ಣಾ, ನಂದೊಬ್ಬಳ್ದೇ ಒಂದು ತೆಗೀರಣ್ಣ" ಎಂದಳಂತೆ. ಹುಟ್ಟಿದ ಮೇಲೆ ಅವಳು ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಇವನು ಲೆಕ್ಕ ಹಾಕಿದ: ಬೆಳಗ್ಗೆ ಧಾರೆಗೆ ರೀಲು ಬೇಕು, ಹೆಣ್ಣು ಒಬ್ಬಳೇ ಇರುವ ಫೋಟೋ ಆಲ್ಬಮ್ಮಿಗೆ ಹೋಗುವುದಿಲ್ಲ. "ಅದಕ್ಕೇನವ್ವ" ಎಂದು ಬರೀ ಫ್ಲಾಷು ಹೊಡೆದ. ಅವಳು ಸೆರಗು ಸರಿಮಾಡಿಕೊಂಡು ಇನ್ನೊಂದು ಕೇಳಿದಳು. ಇನ್ನೊಂದೂ ಹೊಡೆದ.

ವೇದಿಕೆಯ ಮೇಲೆ ಗಂಡಿನ ಮುಖ ಊದಿಕೊಂಡಿತ್ತು. ಕೊಡುತ್ತೇವೆಂದಿದ್ದ ಸ್ಕೂಟರು ಛತ್ರದ ಮುಂದೆ ಬಂದು ನಿಂತಿಲ್ಲ ಎಂದು ಹೆಣ್ಣಿನ ಕಡೆಯವರನ್ನು ಎಲ್ಲರೆದುರೇ ಗದರಿದ್ದ. ಮುನಿಸಿಕೊಂಡ ಗಂಡುಗಳಿಗೆ ಚಿಕ್ಕಸ್ವಾಮಿಯ ಹತ್ತಿರ ಒಂದೇ ಮದ್ದು. ತಾನೇ ಮೇಲೆ ಹೋಗಿ ಗಂಡಿನ ಕೈ ಹಿಡಿದು ಹೆಣ್ಣಿನ ಭುಜದ ಮೇಲೆ ಇಡುವುದು. ಕೈ ಇಟ್ಟರೆ ಮನಸ್ತಾಪ ಫೋಟೋದಲ್ಲಿ ಕಾಣುವುದಿಲ್ಲ. ಆವತ್ತೂ ಹಾಗೇ ಇಟ್ಟ. ಜೋಡಿ ಚೆನ್ನಾಗಿ ಬಂದಿತ್ತು. ನಾನೇ ಕಟ್ಟು ಹಾಕಿ ಕೊಟ್ಟೆ.

ಮುಂದಿನ ಯುಗಾದಿಯ ಹೊತ್ತಿಗೆ ಹುಡುಗಿ ಸುಟ್ಟು ಸತ್ತಳು. ಗಂಡನ ಮನೆಯವರು ಸ್ಟೌ ಸಿಡಿಯಿತು ಎಂದರು. ಈ ಹಾಳು ಸ್ಟೌಗಳು ಸೊಸೆಯರು ಮುಟ್ಟಿದಾಗಲೇ ಸಿಡಿಯುತ್ತವೆ, ಅತ್ತೆಯರು ಮುಟ್ಟಿದಾಗ ಯಾಕೆ ಸಿಡಿಯುವುದಿಲ್ಲವೋ! ಕೇಸಾಯಿತು, ಸಾಕ್ಷಿ ಹೇಳುವವರಿಲ್ಲದೆ ಅಲ್ಲಿಗೇ ನಿಂತಿತು.

ತಿಥಿಗೆ ಮುಂಚೆ ಬೋರಯ್ಯ ಬಂದ. ಕಂಬಳಿ ಹೊದ್ದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತ. ಚಿಕ್ಕಸ್ವಾಮಿಯನ್ನು ಅಲ್ಲಿಗೇ ಕರೆಸಿದೆ.

"ತಿಥಿಗೆ ಮಗಳ ಪಟ ಮಡಗ್ಬೇಕು ಕಣಪ್ಪ. ಒಬ್ಳೇ ಇರದು ತೆಗೆಸ್ಕಂಡಿವ್ನಿ ಅಂತ ಅವತ್ತೇ ಯೋಳಿದ್ಲು. ಆಲ್ಬಮ್ಮಲ್ಲಿ ಇಲ್ಲ. ಅದ್ನ ಒಸಿ ಹುಡುಕ್ಕೊಡು" ಎಂದ.

ಚಿಕ್ಕಸ್ವಾಮಿ ನೆಲ ನೋಡಿದ. "ಅದು ಬರ್ನಿಲ್ಲ ಬೋರಣ್ಣ" ಎಂದ.

"ಎಲ್ಡು ತೆಗೆದ್ರು ಅಂದಿದ್ಲು?"

"ಎಲ್ಡೂ ಬರ್ನಿಲ್ಲ."

ಬೋರಯ್ಯ ನಂಬಿದ. ಮಿಕ್ಕ ಫೋಟೋಗಳಲ್ಲೆಲ್ಲ ಬಾಸಿಂಗ ಕಟ್ಟಿ ತಲೆ ತಗ್ಗಿಸಿದ ಹುಡುಗಿ. ಮುಖ ನೆಟ್ಟಗೆ ಕಾಣುತ್ತಿದ್ದದ್ದು ಆರತಕ್ಷತೆಯ ಆ ಜೋಡಿ ಫೋಟೋ ಒಂದರಲ್ಲೇ. "ಸರಿ, ಅದ್ರಲ್ಲೇ ಮಾಡ್ಕೊಡು. ಆದ್ರೆ ಅವನ ಕೈ ಇರ್ಕೂಡ್ದು. ಅವನ ಒಂದ್ ಬೆಳ್ಳೂ ನನ್ ಮಗಳ ಮೈಮೇಲೆ ಇರ್ಕೂಡ್ದು" ಎಂದು ಹೇಳಿ ಬಸ್ಸಿಗೆ ಹೋದ.

"ಬರ್ನಿಲ್ಲ ಅಂದ್ರೆ ಏನ್ಲಾ?" ಎಂದು ಕೇಳಿದೆ.

"ತೆಗ್ದಿದ್ರಲ್ವೇನ್ಲಾ ಬರಾದು" ಎಂದ. ಆಗಲೇ ನನಗೆ ವಿಷಯ ತಿಳಿದದ್ದು. ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಅವನ ಮುಖ ನೋಡಿ ಸುಮ್ಮನಾದೆ.

ಸ್ಟುಡಿಯೋದ ಬಾಗಿಲು ಹಾಕಿಕೊಂಡು ಟಚಿಂಗಿಗೆ ಕೂತ. ಹುಡುಗಿಯನ್ನಷ್ಟೇ ದೊಡ್ಡದು ಮಾಡಿ ಕಪ್ಪುಬಿಳುಪಿನಲ್ಲಿ ಪ್ರಿಂಟು ಹಾಕಿಸಿ ತಂದಿದ್ದ. ಕೈ ಇದ್ದ ಜಾಗದಲ್ಲಿ ಸೀರೆ ಬರೆಯಬೇಕಿತ್ತು. ಸಣ್ಣ ಬ್ರಷ್ಷಿನಲ್ಲಿ ಒಂದೊಂದೇ ಬೆರಳು ಅಳಿಸಿ, ಅಂಚಿನ ಹೂವುಗಳನ್ನು ಒಂದೊಂದೇ ತುಂಬಿದ. ಒಂದು ಪ್ರಿಂಟು ಕೆಟ್ಟಿತು, ಹರಿದುಹಾಕಿದ. ಇನ್ನೊಂದರಲ್ಲಿ ಉಗುರು ಉಳಿದ ಹಾಗೆ ಕಂಡಿತೆಂದು ಅದನ್ನೂ ಹರಿದ. ನಾನು ಊಟಕ್ಕೆ ಕರೆದರೆ ಬೈದು ಕಳಿಸಿದ. ಅವನ ಜೀವಮಾನದಲ್ಲಿ ಅಷ್ಟು ನಾಜೂಕಾದ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ತಂದುಕೊಟ್ಟದ್ದಕ್ಕೆ ನಾನು ಕರಿಯ ಕಟ್ಟು ಹಾಕಿದೆ.

ತಿಥಿಯ ಹಿಂದಿನ ದಿನ ಬೋರಯ್ಯ ಬಂದು ಪಟವನ್ನು ತೊಡೆಯ ಮೇಲಿಟ್ಟುಕೊಂಡ. ಭುಜದ ಜಾಗವನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ. "ಗೊತ್ತೇ ಆಗಕಿಲ್ಲ" ಎಂದ. ಚಿಕ್ಕಸ್ವಾಮಿ ಉಸಿರು ಬಿಟ್ಟ.

ಬೋರಯ್ಯ ಏಳಲಿಲ್ಲ. ನೋಡುತ್ತಲೇ ಇದ್ದ. ಆಮೇಲೆ, "ಯಾಕಪ್ಪ ಇಂಗ್ ನಿಂತವ್ಳೆ?" ಎಂದು ಕೇಳಿದ.

ನಾವಿಬ್ಬರೂ ಬಗ್ಗಿ ನೋಡಿದೆವು. ಪಕ್ಕದಲ್ಲಿ ಗಂಡನಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬಳೇ ಆದ ಮೇಲೆ ಎದ್ದು ಕಾಣುತ್ತಿತ್ತು. ಕೈ ಇದ್ದ ಭುಜ ಕೆಳಗೆ ಕುಸಿದಿತ್ತು. ಕತ್ತು ಒಳಗೆ ಎಳೆದುಕೊಂಡಿದ್ದಳು. ಇಡೀ ಮೈ ಆ ಕಡೆಯಿಂದ ಈ ಕಡೆಗೆ ಸರಿದಿತ್ತು, ಹೊಡೆಯಲು ಬಂದವರೆದುರು ಮಕ್ಕಳು ಮುದುಡುವ ಹಾಗೆ.

"ನಾಚ್ಕೆ ಕಣಣ್ಣ. ಮದುವೆ ಎಣ್ಮಕ್ಳು ಎಲ್ಲ ಇಂಗೇ ನಿಲ್ಲಾದು" ಎಂದ ಚಿಕ್ಕಸ್ವಾಮಿ.

"ನನ್ ಮಗಳ ನಾಚ್ಕೆ ನಂಗ್ ಗೊತ್ತಿಲ್ವಾ?" ಬೋರಯ್ಯ ಪಟದಿಂದ ಕಣ್ಣು ಕೀಳಲಿಲ್ಲ. "ಇದ್ ತೆಗೀವಾಗ ನಾನೆಲ್ಲಿದ್ದೆ?"

ಚಿಕ್ಕಸ್ವಾಮಿ ಪಟ ಈಸಿಕೊಳ್ಳಲು ಕೈ ಚಾಚಿದ, ಬೋರಯ್ಯ ಬಿಡಲಿಲ್ಲ.

"ನಿನ್ ಪಕ್ದಲ್ಲೇ ನಿಂತಿದ್ನಲ್ಲಪ್ಪ. ಅವ್ಳು ನನ್ನೇ ನೋಡ್ತಾವ್ಳೆ ನೋಡು. ನಗವ್ವ, ನಗು ಅಂತ ನಾನೇ ಯೋಳ್ದೆ."