ಒಬ್ಬಳ ಮಾತು ಕೇಳುವ ಕುದುರೆ

ನಮ್ಮ ಮನೆಗೆ ಕುದುರೆ ಬಂದದ್ದು ಮೀನಿನ ಗಾಡಿಯಲ್ಲಿ. ಅಣ್ಣ ತದಡಿಯಿಂದ ಹುಬ್ಬಳ್ಳಿಗೆ ಮೀನು ಸಾಗಿಸುವ ವ್ಯಾನು ಓಡಿಸುತ್ತಾನೆ. ಹೋಗುವಾಗ ಬಂಗಡೆ, ಬರುವಾಗ ಖಾಲಿ. ಖಾಲಿ ಬರುವುದೆಂದರೆ ಅವನಿಗೆ ಮೊದಲಿನಿಂದಲೂ ಸಂಕಟ. ಒಮ್ಮೆ ಈರುಳ್ಳಿ ತಂದ, ಒಮ್ಮೆ ಯಾರೋ ಮಾರಿದ ಹಳೆಯ ಸೋಫಾ ತಂದ, ಆ ಸಲ ಎರಡೂವರೆ ವರ್ಷದ ಹೆಣ್ಣು ಕುದುರೆಯನ್ನು ತಂದ. ಕರ್ಕಿಯ ನಮ್ಮ ಅಂಗಳದಲ್ಲಿ ಇಳಿಸಿದಾಗ ಅದರ ಮೈಯೆಲ್ಲ ಬಂಗಡೆಯ ನಾತ. ಎರಡು ದಿನ ಊರಿನ ಕಾಗೆಗಳೆಲ್ಲ ಅದರ ಹಿಂದೆಯೇ ಇದ್ದವು.

ಅಣ್ಣನ ಯೋಚನೆ ಸರಳ. ಶನಿವಾರ, ಭಾನುವಾರ ಕಡಲತೀರಕ್ಕೆ ಬರುವ ಜನರನ್ನು ಕುದುರೆಗಾಡಿಯಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸುವುದು. ಹೊನ್ನಾವರದ ಬಡಗಿಗೆ ಗಾಡಿ ಮಾಡಲು ಹೇಳಿಯೂ ಆಗಿತ್ತು. ಗಾಡಿ ಎಳೆಯುವುದನ್ನು ಕುದುರೆಗೆ ಯಾರು ಕಲಿಸಬೇಕು ಎಂಬುದೊಂದನ್ನು ಮಾತ್ರ ಅವನು ಯೋಚಿಸಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಅವನು ಘಟ್ಟದ ಮೇಲೆ. ಅತ್ತಿಗೆಗೆ ನಾಯಿ ಕಂಡರೇ ಹೆದರಿಕೆ, ಇನ್ನು ಕುದುರೆ ಕೇಳಬೇಕೆ. ಉಳಿದವಳು ನಾನು.

“ನಾ ಬರೂವರೆಗೆ ಸ್ವಲ್ಪ ನೋಡ್ಕ. ನಿಂಗೆ ಹೇಗೂ ಎಂತ ಕೆಲ್ಸ ಅದೆ?” ಎಂದ ಅಣ್ಣ.

ಈ ಮಾತನ್ನು ನಾನು ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೇಳುತ್ತಿದ್ದೆ. ಗಂಡನ ಮನೆ ಬಿಟ್ಟು ಬಂದವಳಿಗೆ ಕೆಲಸ ಎಂಬುದು ಇರುವುದಿಲ್ಲ. ಏಳುವಾಗಿನಿಂದ ಮಲಗುವವರೆಗೆ ಅವಳು ಮಾಡುವುದೆಲ್ಲ ಬರೀ ಕೈಸಹಾಯ. ನಾನು ಮಲಗುತ್ತಿದ್ದದ್ದು ಟಿವಿ ಇರುವ ನಡುಕೋಣೆಯಲ್ಲಿ. ಎಲ್ಲರ ಧಾರಾವಾಹಿ ಮುಗಿದ ಮೇಲೆ ಹಾಸಿಗೆ ಬಿಚ್ಚಬೇಕು, ಎಲ್ಲರೂ ಏಳುವ ಮೊದಲು ಸುತ್ತಿಡಬೇಕು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಬೈದಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು. ಊಟ ಹಾಕಿ, ಹಬ್ಬಕ್ಕೆ ಸೀರೆ ಕೊಟ್ಟು, ನಗುನಗುತ್ತಲೇ ಕಟ್ಟಿಹಾಕಿದ್ದರು. ನನಗೆ ಉಸಿರು ಕಟ್ಟುತ್ತಿತ್ತು, ಯಾರ ಮೇಲೆ ಸಿಟ್ಟಾಗಬೇಕು ಎಂದು ಗೊತ್ತಾಗುತ್ತಿರಲಿಲ್ಲ.

ಅದೇ ಚಳಿಗಾಲದಲ್ಲಿ ಕುಮಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳಲು ಜನ ಬೇಕೆಂದು ತಿಳಿದು, ಹೋಗಿ ಮಾತಾಡಿ ಬಂದಿದ್ದೆ. ಅಲ್ಲಿಯ ಮೇಡಂ ನನಗೆ ಕೊಡುವ ಕೋಣೆಯನ್ನು ತೋರಿಸಿದರು. ಒಂದು ಮಂಚ, ಒಂದು ಕಿಟಕಿ, ಗೋಡೆಯಲ್ಲಿ ನಾಲ್ಕು ಮೊಳೆ. ಬಾಗಿಲಿಗೆ ಒಳಗಿನಿಂದ ಚಿಲಕ. ಅವರು ಕೆಲಸದ ಹೊತ್ತಿನ ಬಗ್ಗೆ ಹೇಳುತ್ತಿದ್ದಾಗ ನಾನು ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದೆ. ಜೂನ್ ಒಂದಕ್ಕೆ ಬರಬೇಕು ಎಂದರು. ಬರುತ್ತೇನೆ ಎಂದೆ.

ಮನೆಯಲ್ಲಿ ಹೇಳಿದಾಗ ಅಣ್ಣ ಬೇಡ ಎನ್ನಲಿಲ್ಲ. “ಹೋಗು, ಯಾರು ಬ್ಯಾಡ ಅಂದ್ರು? ಕುದ್ರೆ ಒಂದು ಗಾಡಿಗೆ ಆಗ್ಲಿ. ಆಮೇಲೆ ಹೋಗು” ಎಂದ. ಕುದುರೆ ಎಷ್ಟು ಬೇಗ ಕಲಿಯುತ್ತದೋ ಅಷ್ಟು ಬೇಗ ನನ್ನ ಬಿಡುಗಡೆ. ಒಳ್ಳೆಯ ಒಪ್ಪಂದವೇ ಆಯಿತು ಎಂದುಕೊಂಡೆ.

ಕಲಿಸುವ ಕ್ರಮವನ್ನು ಹೇಳಿಕೊಟ್ಟವರು ಭಟ್ಕಳದ ಒಬ್ಬ ಮುದುಕರು. ಪ್ರಾಯದಲ್ಲಿ ಟಾಂಗಾ ಓಡಿಸಿದವರು, ಈಗ ಮಗನ ಚಪ್ಪಲಿ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರುತ್ತಾರೆ. ಅಣ್ಣ ಒಂದು ದಿನ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗಿ, ತಾನು ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತ. ಮುದುಕರು ಮಗನೊಡನೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ ನಕ್ಕರು. ಹೆಂಗಸು ಕುದುರೆ ಕಲಿಸುತ್ತಾಳಂತೆ ಎಂದಿರಬೇಕು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾದರು. ನಾನು ಅವರನ್ನು ಚಾಚಾ ಎಂದೆ.

“ಅವಸರ ಬಿಡು ಬೇಟಿ. ಗಾಡಿ ಕೊನೆಗೆ ಬರ್ತದೆ. ಮೊದಲು ನಿಲ್ಲೋದು ಕಲಿಸು. ನಡಿಯೋದು ಅದಕ್ಕೆ ಗೊತ್ತುಂಟು, ನಿಲ್ಲೋದು ಗೊತ್ತಿಲ್ಲ.” ಇನ್ನೊಂದು ಮಾತು ಹೇಳಿದರು. “ಹಗ್ಗ ಇಬ್ಬರ ಕೈಯಲ್ಲಿ ತಿರುಗಬೇಕು. ಇವತ್ತು ನೀನು, ನಾಳೆ ನಿನ್ನ ಅಣ್ಣ. ಒಬ್ಬರದೇ ಧ್ವನಿ ಕೇಳಿ ಬೆಳೆದರೆ ಅದು ಮತ್ತೆ ಬೇರೆಯವರ ಮಾತು ಕೇಳೋದಿಲ್ಲ.”

ಈ ಎರಡನೆಯ ಮಾತನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಮರೆತುಹೋಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಮೊದಲ ವಾರವೆಲ್ಲ ಗೋಣಿಚೀಲದ ಕೆಲಸ. ಖಾಲಿ ಗೋಣಿಯನ್ನು ಅದರ ಮೈಮೇಲೆ ಸವರುವುದು, ಬೆನ್ನ ಮೇಲೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಮೊದಲ ದಿನ ಗೋಣಿ ಬಿದ್ದ ಕೂಡಲೇ ಅದು ಹಾರಿದ ರಭಸಕ್ಕೆ ಅತ್ತಿಗೆಯ ಬಟ್ಟೆ ಒಣಹಾಕುವ ಹಗ್ಗವೇ ಕಿತ್ತುಹೋಯಿತು. ನಾಲ್ಕನೆಯ ದಿನ ಗೋಣಿ ಹೊದ್ದುಕೊಂಡೇ ಹುಲ್ಲು ತಿನ್ನುತ್ತಿತ್ತು. ಆಮೇಲೆ ಹೊಟ್ಟೆಯ ಸುತ್ತ ಪಟ್ಟಿ, ಬಾಲದ ಕೆಳಗೆ ಹಗ್ಗ, ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ. ಆ ಕಣ್ಣುಪಟ್ಟಿ ಕಟ್ಟಿದ ದಿನ ಮಾತ್ರ ನಾನು ಪಾಠವನ್ನು ಬೇಗ ಮುಗಿಸಿದೆ. ಅಕ್ಕಪಕ್ಕ ಕಾಣದೆ ಅದು ನನ್ನ ಧ್ವನಿ ಬಂದ ಕಡೆಗೇ ಕಿವಿ ತಿರುಗಿಸಿ ನಿಂತಿತ್ತು.

ಜನವರಿ ಮುಗಿಯುವಾಗ ಎರಡು ಉದ್ದ ಹಗ್ಗಗಳ ಪಾಠ. ಬಾಯಿಗೆ ತೊಡಿಸಿದ ಕಡಿವಾಣಕ್ಕೆ ಎರಡೂ ಬದಿಯಿಂದ ಹಗ್ಗ ಕಟ್ಟಿ, ಗಾಡಿಯಲ್ಲಿ ಕೂತವರ ಹಾಗೆ ಹಿಂದಿನಿಂದ ನಡೆಸಬೇಕು. ಗಾಡಿ ಮಾತ್ರ ಇಲ್ಲ. ನಮ್ಮದು ದೋಣಿಯ ನೈಲಾನ್ ಹಗ್ಗ, ಅಂಗೈ ಸುಲಿಯುತ್ತಿತ್ತು. ಹಳೆಯ ಸೀರೆಯ ತುಂಡು ಸುತ್ತಿಕೊಂಡೆ. ಬೆಳಿಗ್ಗೆ ನೀರು ಇಳಿದ ಮೇಲೆ ಕಡಲಂಚಿನ ಮರಳು ಗಟ್ಟಿಯಾಗಿರುತ್ತದೆ. ಮುಂದೆ ಅದು, ಎಂಟು ಹೆಜ್ಜೆ ಹಿಂದೆ ನಾನು. “ನಡಿ” ಎಂದರೆ ನಡೆಯಬೇಕು, “ಹೋ” ಎಂದರೆ ನಿಲ್ಲಬೇಕು.

ಐದಾರು ದಿನ ಅದು ನನ್ನನ್ನು ಎಳೆದುಕೊಂಡು ಹೋಯಿತು. ಒಂದು ಬೆಳಿಗ್ಗೆ ಹಗ್ಗ ಎಳೆಯುವ ಮೊದಲೇ, ಬರೀ “ಹೋ” ಎಂದದ್ದಕ್ಕೆ, ನಾಲ್ಕೂ ಕಾಲು ಊರಿ ನಿಂತಿತು. ನಾನು ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ. ನನ್ನ ಮಾತಿಗೆ ಒಂದು ಜೀವ ನಿಂತದ್ದು ಅದೇ ಮೊದಲು. ಮನೆಯಲ್ಲಿ ನಾನು ಬಾಯಿ ತೆರೆದರೆ ಯಾರಾದರೂ ಟಿವಿಯ ಸದ್ದು ಜೋರು ಮಾಡುತ್ತಾರೆ. ಗಂಡನ ಮನೆಯ ವಿಷಯ ಬಿಡಿ. ಇಲ್ಲಿ ಇಷ್ಟು ದೊಡ್ಡ ಪ್ರಾಣಿ ಒಂದೇ ಅಕ್ಷರಕ್ಕೆ ನಿಂತು, ಮುಂದೆ ಏನು ಎಂದು ಕಾಯುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ನಾಚಿಕೆಯಾಯಿತು.

ಆಮೇಲೆ ಒಂದು ಭಾನುವಾರ ಅಣ್ಣ ತಾನಾಗಿಯೇ ಅಂಗಿಯ ತೋಳು ಮಡಚಿಕೊಂಡು ಬಂದ. “ಇವತ್ತು ನಾ ಹಿಡೀತೆ” ಎಂದ.

“ಬ್ಯಾಡ. ನೀ ಕೂಗ್ತೆ, ಅದು ಬೆದರ್ತದೆ” ಎಂದೆ ನಾನು.

ಅವನಿಗೂ ಅಷ್ಟೇ ಬೇಕಾಗಿತ್ತು. ಹೋಗಿ ದೋಣಿಯ ನೆರಳಲ್ಲಿ ಮಲಗಿದ. ಅಂದು ಹಗ್ಗವನ್ನು ಅವನ ಕೈಗೆ ಕೊಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಕೊಡಲಿಲ್ಲ. ಅದು ನನ್ನದು ಎನಿಸಿತ್ತು.

ಮಾರ್ಚಿನಲ್ಲಿ ಅದು ಹಳೆಯ ಲಾರಿ ಟಯರು ಎಳೆಯಿತು, ಏಪ್ರಿಲ್ಲಿನಲ್ಲಿ ತೆಂಗಿನ ಮರದ ತುಂಡು ಎಳೆಯಿತು. ಹಿಂದೆ ಬರುವ ಸದ್ದಿಗೆ ಹೆದರಬಾರದು, ಅದಕ್ಕೆ. ಹೆದ್ದಾರಿಯ ಪಕ್ಕ ನಿಲ್ಲಿಸಿ ಲಾರಿಗಳ ಹಾರ್ನು ಕೇಳಿಸಿದೆ. ರೈಲು ಹೋಗುವ ಹೊತ್ತಿಗೆ ಹಳಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಎಲ್ಲದಕ್ಕೂ ಅದು ಮೊದಲು ನಡುಗುತ್ತಿತ್ತು, ಆಮೇಲೆ ಕಿವಿ ನನ್ನ ಕಡೆ ತಿರುಗಿಸುತ್ತಿತ್ತು, ನಾನು ಏನಾದರೂ ಹೇಳಿದರೆ ಸುಮ್ಮನಾಗುತ್ತಿತ್ತು. ಕೆಲಸ ಚೆನ್ನಾಗಿ ಆಗುತ್ತಿದೆ, ಜೂನ್ ಒಂದಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಕುಮಟೆಯ ಮೇಡಂಗೆ ಫೋನು ಮಾಡಿ ಹೇಳಿದೆ.

ಮೇ ಮೊದಲಲ್ಲಿ ಗಾಡಿ ಬಂತು. ಹಸಿರು, ಹಳದಿ ಬಣ್ಣ, ಬದಿಯಲ್ಲಿ ಎರಡು ನವಿಲು. ನಾನು ಕುದುರೆಯ ಮುಖದ ಹತ್ತಿರ ನಿಂತು ಮಾತಾಡುತ್ತ, ಗಾಡಿಯ ಮುಂದೆ ಚಾಚಿದ ಎರಡು ಮರದ ದಂಡಗಳ ನಡುವೆ ಅದನ್ನು ಹಿಂದಕ್ಕೆ ತಂದು ಕಟ್ಟಿದೆ. ತಕರಾರು ಇಲ್ಲ. ಹತ್ತು ದಿನ ಖಾಲಿ ಗಾಡಿ ಎಳೆಸಿದೆ. ಆಮೇಲೆ ಅಣ್ಣ ಹೊಸ ಲುಂಗಿ ಉಟ್ಟು ಹತ್ತಿ ಕೂತ. ಅತ್ತಿಗೆ ಮೊಬೈಲು ಹಿಡಿದಳು.

“ನಡಿ” ಎಂದ ಅಣ್ಣ. ಕುದುರೆ ನಿಂತೇ ಇತ್ತು. “ನಡಿ, ನಡಿ” ಎಂದ. ಹಗ್ಗ ಜಗ್ಗಿದ. ಅದು ಹಿಂದೆ ಹಿಂದೆ ಸರಿದು ಒಂದು ಚಕ್ರವನ್ನು ತೆಂಗಿನ ಬುಡದ ಗುಂಡಿಗೆ ಇಳಿಸಿತು. ನವಿಲುಗಳು ಓರೆಯಾದವು. ಅಣ್ಣ ಕೋಲಿಗೆ ಕೈ ಹಾಕಿದ್ದು ಕಂಡು ನನಗೆ ತಡೆಯಲಾಗಲಿಲ್ಲ. “ನಡಿ” ಎಂದೆ. ಗುಂಡಿಯಿಂದ ಗಾಡಿಯನ್ನು ಎಳೆದುಕೊಂಡು ಅದು ನೇರ ನನ್ನ ಹತ್ತಿರ ಬಂದು ನಿಂತಿತು.

ಅಣ್ಣನಿಗೆ ಅವಮಾನವೇ ಆಗಲಿಲ್ಲ. ಇಳಿದು ಬಂದು ನಗುತ್ತ, “ಕಂಡ್ಯಾ? ನೀ ಇದ್ರೆ ಆತು” ಎಂದ.

ಚಹಾ ಕೊಡುತ್ತ ಅತ್ತಿಗೆ, “ಇನ್ನು ಕುಮಟೆ ಗಿಮಟೆ ಎಂತಕ್ಕೆ? ಇಲ್ಲೇ ಒಂದು ಉದ್ಯೋಗ ಆತಲ್ಲ” ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಆ ಸಂಜೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆ ಮನೆಯಲ್ಲಿ ನಾನು ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಅದೊಂದೇ. ಬೇಗ ಹೊರಡಬೇಕೆಂದು ಕಷ್ಟಪಟ್ಟು ಕಲಿಸಿದೆ. ಕಲಿಸಿದಷ್ಟೂ ಅದು ನನ್ನೊಬ್ಬಳಿಗೆ ಅಂಟಿಕೊಂಡಿತು. ಬಲೆಯನ್ನು ಬೇರೆ ಯಾರೂ ಹೆಣೆದಿರಲಿಲ್ಲ, ನಾನೇ ನನ್ನ ಕೈಯಾರೆ, ಖುಷಿಯಿಂದ ಹೆಣೆದಿದ್ದೆ.

ಮರುದಿನ ಭಟ್ಕಳಕ್ಕೆ ಫೋನು ಮಾಡಿದೆ. ಚಾಚಾ ಎಲ್ಲ ಕೇಳಿಸಿಕೊಂಡರು. “ನಾನು ಹೇಳಿದ್ದೆ” ಎನ್ನಲಿಲ್ಲ. ದೊಡ್ಡವರು.

“ಇನ್ನು ಕುದುರೆಗೆ ಕಲಿಸೋದು ಎಂತದೂ ಇಲ್ಲ. ನೀನು ಬಾಯಿ ಮುಚ್ಚೋದು ಕಲಿಬೇಕು” ಎಂದರು. “ಪಕ್ಕದಲ್ಲೇ ನಡಿ. ಅಣ್ಣ ಹೇಳಲಿ. ಅದು ನಿನ್ನ ಕಡೆ ನೋಡಿದರೂ ಮಾತಾಡಬೇಡ.”

ಮಾತಾಡಬಾರದು ಎಂಬುದು ನೆನಪಿರಲಿ ಎಂದು ಬಾಯಲ್ಲಿ ಒಂದು ಹುಣಸೆ ಬೀಜ ಇಟ್ಟುಕೊಂಡು ಹೋಗತೊಡಗಿದೆ. ಅಣ್ಣ ವ್ಯಾನಿಗೆ ರಜೆ ಹಾಕಿದ. ಪಾಪ, ಅವನೂ ಕೂಗುವುದನ್ನು ಬಿಟ್ಟ. ಮೊದಲ ದಿನ ಕುದುರೆ ನೂರು ಸಲವಾದರೂ ನನ್ನ ಕಡೆ ಕಿವಿ ತಿರುಗಿಸಿತು. ಕಣ್ಣುಪಟ್ಟಿಯಿಂದಾಗಿ ನಾನು ಕಾಣುತ್ತಿರಲಿಲ್ಲ. ಹೆಜ್ಜೆಯ ಸದ್ದು ಕೇಳುತ್ತಿತ್ತು, ವಾಸನೆ ಬರುತ್ತಿತ್ತು, ಮಾತು ಮಾತ್ರ ಇಲ್ಲ. ಅದು ಮೂಗಿನಲ್ಲೇ ಸಣ್ಣಗೆ ಕರೆಯಿತು. ನಾನು ಬೀಜವನ್ನು ಕಚ್ಚಿಕೊಂಡೆ. ಯಾವ ಶತ್ರುವಿಗೂ ನಾನು ಅಂಥ ಕೆಲಸ ಮಾಡಿದವಳಲ್ಲ.

ಎಂಟನೆಯ ದಿನ ಅಣ್ಣನ ಮಾತಿಗೆ ನಾಲ್ಕು ಹೆಜ್ಜೆ ಇಟ್ಟಿತು. ಹನ್ನೆರಡನೆಯ ದಿನ ಕಡಲಂಚಿನವರೆಗೆ ಹೋಗಿ ಬಂತು. ಮೇ ತಿಂಗಳ ಕೊನೆಯ ದಿನ ಅದರ ಕಿವಿ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಎಣಿಸುತ್ತಿದ್ದೆ, ಹಾಗಾಗಿ ಗೊತ್ತು.

ಜೂನ್ ಒಂದರ ಬೆಳಿಗ್ಗೆ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗಾಡಿಯಲ್ಲೇ ನನ್ನನ್ನು ಬಸ್ಸಿಗೆ ಬಿಡುತ್ತೇನೆ ಎಂದು ಅಣ್ಣ ಹಟ ಹಿಡಿದ. ಅತ್ತಿಗೆ ಕೊಬ್ಬರಿ ಎಣ್ಣೆಯ ಬಾಟಲಿ, ಉಪ್ಪಿನಕಾಯಿ ಕಟ್ಟಿಕೊಟ್ಟು ಕಣ್ಣೊರೆಸಿಕೊಂಡಳು. ಬ್ಯಾಗನ್ನು ಕಾಲ ಮೇಲೆ ಇಟ್ಟುಕೊಂಡು ನಾನು ಹಿಂದಿನ ಸೀಟಿನಲ್ಲಿ ಕೂತೆ. ಮನೆಯಿಂದ ಹೆದ್ದಾರಿಯ ಬಸ್‌ಸ್ಟಾಪಿನವರೆಗೆ ಕುದುರೆ ಅಣ್ಣನ ಮಾತು ಕೇಳಿಕೊಂಡೇ ಹೋಯಿತು. ಪಾದದ ಸದ್ದು ಸರಿಯಾಗಿ ಬೀಳುತ್ತಿತ್ತು. ನಾನು ಕಲಿಸಿದ ನಡಿಗೆ ಅದು.

ಸ್ಟಾಪಿನಲ್ಲಿ ಇಳಿದೆ. “ಬಸ್ಸು ಬರೂವರೆಗೆ ನಿಲ್ಬ್ಯಾಡ, ಮಳೆ ಬತ್ತದೆ” ಎಂದೆ. ಆತು ಎಂದು ಅಣ್ಣ ಗಾಡಿ ತಿರುಗಿಸಿದ. “ನಡಿ” ಎಂದ. ಅದು ಹೊರಟಿತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕಿವಿ ಎರಡೂ ಮುಂದಕ್ಕೆ.

ಅಂದು ನನ್ನ ಬಾಯಲ್ಲಿ ಬೀಜ ಇರಲಿಲ್ಲ.

“ಹೋ” ಎಂದೆ. ಜೋರಾಗಿ ಅಲ್ಲ, ಮೆಲ್ಲಗೆ, ಕಡಲಂಚಿನಲ್ಲಿ ಹೇಳುತ್ತಿದ್ದ ಹಾಗೆ. ಕುದುರೆ ನಿಂತಿತು. ಎರಡೂ ಕಿವಿ ಹಿಂದಕ್ಕೆ ತಿರುಗಿದವು.

ಅಣ್ಣನಿಗೆ ನನ್ನ ಮಾತು ಕೇಳಿಸಿರಲಿಲ್ಲ. “ನಡಿ” ಎಂದ, ನಾಲಿಗೆಯಲ್ಲಿ ಟಕ್ ಟಕ್ ಎನಿಸಿದ, ಹಗ್ಗ ಆಡಿಸಿದ, ಬೇಡಿಕೊಂಡ. ಅದು ಕದಲಲಿಲ್ಲ. ಅಷ್ಟರಲ್ಲಿ ಹೊನ್ನಾವರದ ಕಡೆಯಿಂದ ಕುಮಟೆಯ ಬಸ್ಸು ಬಂದು ನನ್ನೆದುರು ನಿಂತಿತು. ಕಂಡಕ್ಟರು ಬಾಗಿಲು ತೆರೆದು ನನ್ನ ಬ್ಯಾಗು ನೋಡಿದ. ಅಣ್ಣ ತಿರುಗಿ ನೋಡಿ, “ಇದು ಇನ್ನೂ ಆಗ್ಲಿಲ್ಲ ಕಾಣು. ಇನ್ನೆಂಟು ದಿನ ಇರ್ತ್ಯಾ?” ಎಂದು ಕೇಳಿದ.

ಅವನು ಬಹಳ ಮೆತ್ತಗೆ ಕೇಳಿದ. ಇಲ್ಲ ಎಂದಿದ್ದರೆ ಕೈಮುಗಿದು ಕಳಿಸಿಕೊಡುತ್ತಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ನಾನು ಕಂಡಕ್ಟರನಿಗೆ ಹೋಗಿ ಎಂದು ಕೈ ಮಾಡಿದೆ. ಗಾಡಿಯ ಹತ್ತಿರ ನಡೆದುಹೋಗಿ ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು, ಹತ್ತಿ ಕೂತೆ.

ಇದಾಗಿ ಎರಡು ಮಳೆಗಾಲ ಕಳೆದವು. ಕುಮಟೆಯ ಆ ಕೋಣೆಯಲ್ಲಿ ಈಗ ಅಂಕೋಲೆಯವಳೊಬ್ಬಳು ಇದ್ದಾಳಂತೆ. ಕುದುರೆ ಅಂದೇ ತಯಾರಾಗಿತ್ತು ಎಂದು ಅಣ್ಣನಿಗೆ ನಾನು ಇವತ್ತಿಗೂ ಹೇಳಿಲ್ಲ. ಶನಿವಾರ, ಭಾನುವಾರ ಅವನು ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಹಗ್ಗ ಹಿಡಿದಿರುತ್ತಾನೆ; ನಾನು ಅವನ ಪಕ್ಕದಲ್ಲಿ ಕೂತು, ಹೊರಡುವ ಹೊತ್ತಿಗೆ “ನಡಿ” ಎನ್ನುತ್ತೇನೆ.