ಕಾಶಪ್ಪ ಕಾಕಾನ ಕಂಪ್ಯೂಟರಿಗೊಂದು ಕಲ್ಲಿನ ಮನೆ

ನಾನು ಚಿತ್ತಾಪುರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ದಿನವಿಡೀ ಟೈಪ್ ಮಾಡುವುದಷ್ಟೇ ನನ್ನ ಕೆಲಸ. ಆದರೆ ಶಹಾಬಾದಿನ ನಮ್ಮ ಓಣಿಯವರ ಪ್ರಕಾರ ವೈರು ಇರುವ ವಸ್ತುವೆಲ್ಲ ನನ್ನ ಪಾಲಿನದು. ಮಿಕ್ಸರ್ ಕೆಟ್ಟರೂ ಸುಮಂಗಲಾ, ಟಿವಿಯಲ್ಲಿ ಚಿತ್ರ ಬಾರದಿದ್ದರೂ ಸುಮಂಗಲಾ. ಹಾಗಾಗಿ ಭಾನುವಾರ ಮಧ್ಯಾಹ್ನ ಎದುರುಮನೆಯ ಕಾಶಪ್ಪ ಕಾಕಾ ಬಾಗಿಲಿಗೆ ಬಂದು ನಿಂತಾಗ ನನಗೆ ಮೊದಲು ಬಂದದ್ದು ಸಿಟ್ಟು.

“ಸುಮಂಗಲಾ, ನೆಟ್ ಭಾಳ ಸ್ಲೋ ಆಗ್ಯಾದ. ಒಂದೀಟು ನೋಡ ಬಾರವ್ವ.”

“ನಾಳಿ ಬಂದ್ರ ನಡಿಯಂಗಿಲ್ಲೇನು ಕಾಕಾ?”

“ನಡಿಯಂಗಿಲ್ಲ. ಖಾಜಾ ನನಗ ಮೋಸಗಾರ ಅಂದಾನ.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಕಾಕಾ ಮತ್ತು ಖಾಜಾ ಭಾಯಿಯ ಸಂಗತಿ ಓಣಿಗೆಲ್ಲ ಗೊತ್ತು. ಇಬ್ಬರೂ ಕಲ್ಲಿನ ಪಾಲಿಶ್ ಯಂತ್ರದ ಮೇಲೆ ಜೊತೆಯಾಗಿ ದುಡಿದವರು. ಒಬ್ಬ ಹಾಸುಗಲ್ಲು ಹಿಡಿದರೆ ಇನ್ನೊಬ್ಬ ಯಂತ್ರ ನಡೆಸಬೇಕು. ಹಿಡಿದವನ ಬೆರಳು ನಡೆಸುವವನ ಕೈಯಲ್ಲಿ. ಅಂಥ ನಂಬಿಕೆ. ಊಟದ ಬಿಡುವಿನಲ್ಲಿ ಒಡೆದ ಹಾಸುಗಲ್ಲಿನ ಮೇಲೆ ಉಳಿಯಿಂದ ಮನೆ ಕೊರೆದು, ಕಲ್ಲಿನ ಚೂರುಗಳನ್ನೇ ಕಾಯಿ ಮಾಡಿ ಚದುರಂಗ ಆಡುತ್ತಿದ್ದರು. ಆಮೇಲೆ ಖಾಜಾ ಭಾಯಿ ಮಗಳು ಅಳಿಯನ ಜೊತೆ ಚಿಂಚೋಳಿ ಕಡೆಯ ಕುಂಚಾವರಂಗೆ ಹೋದರು. ಕಾಕಾ, ಮುಚ್ಚಿಹೋದ ಕಂಪ್ಯೂಟರ್ ಕ್ಲಾಸೊಂದರಿಂದ ಹಳೆಯ ಕಂಪ್ಯೂಟರ್ ತಂದರು. ಆಟ ಮುಂದುವರಿಯಿತು.

ಮೊಬೈಲಿನಲ್ಲೇ ಆಡಬಹುದಿತ್ತು. ಆದರೆ ಕಲ್ಲು ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಕಾಕಾನ ಬೆರಳನ್ನು ಮೊಬೈಲಿನ ಗಾಜು ಬೆರಳೆಂದೇ ಒಪ್ಪುವುದಿಲ್ಲ. ಕುದುರೆ ಒತ್ತಿದರೆ ಒಂಟೆ ಹೋಗುತ್ತದೆ, ಇಲ್ಲವೆ ಏನೂ ಹೋಗುವುದಿಲ್ಲ. ಮೌಸು ಮಾತ್ರ ಅವರ ಮಾತು ಕೇಳುತ್ತದೆ.

ಈಗ ಆಗುತ್ತಿದ್ದದ್ದು ಇಷ್ಟು. ಆಟದ ನಡುವೆ ಕಾಕಾನ ನೆಟ್ ತೆವಳಿ ತೆವಳಿ ನಿಂತುಬಿಡುತ್ತದೆ. ಆ ಕಡೆ ಖಾಜಾ ಭಾಯಿಯ ಪರದೆಯಲ್ಲಿ ‘ಎದುರಾಳಿ ಆಟ ಬಿಟ್ಟು ಹೋದರು’ ಎಂದು ಬರುತ್ತದೆ. ಕಾಕಾ ಗೆದ್ದರೆ ಬೇಗ ಗೆಲ್ಲುತ್ತಾರೆ, ಸೋಲುವಾಗ ಮಾತ್ರ ಹಟ ಹಿಡಿದು ಆಟ ಎಳೆಯುತ್ತಾರೆ. ಹಾಗಾಗಿ ನೆಟ್ ಕೈಕೊಡುವುದು ಹೆಚ್ಚಾಗಿ ಸೋಲುವ ಆಟದಲ್ಲೇ. ಮೊನ್ನೆ ಖಾಜಾ ಭಾಯಿ ಫೋನಿನಲ್ಲಿ ನೇರವಾಗಿ ಅಂದುಬಿಟ್ಟಿದ್ದರು: “ಸೋಲೂ ಆಟದಾಗೇ ನಿನ್ನ ನೆಟ್ ಹ್ಯಾಂಗ ಹೋಗ್ತದೋ ಕಾಶ್ಯಾ? ವೈರ್ ಕಿತ್ತಾಕತ್ತೀದಿ ನೀ. ನನಗಿನ್ನ ಫೋನ್ ಮಾಡಬ್ಯಾಡ.”

ಹೋಗಿ ನೋಡಿದೆ. ಗೋಡೆಯ ಮೇಲಿನ ನೆಟ್ ಡಬ್ಬಿಯನ್ನು ಆರಿಸಿ ಹಚ್ಚಿದೆ. ಕಂಪ್ಯೂಟರನ್ನೂ ಆರಿಸಿ ಹಚ್ಚಿದೆ. ಒಳಗೇ ಕದ್ದು ಓಡುತ್ತಿದ್ದ ಡೌನ್‌ಲೋಡುಗಳನ್ನು ನಿಲ್ಲಿಸಿದೆ. ಪರದೆಯ ಮೇಲಿನ ಚಕ್ರ ಮಾತ್ರ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು. ಆದರೆ ಅದೇ ಮೇಜಿನ ಪಕ್ಕ ನಿಂತು ಅದೇ ವೈಫೈಗೆ ನನ್ನ ಮೊಬೈಲು ಜೋಡಿಸಿದರೆ ವಿಡಿಯೊ ಸರಾಗವಾಗಿ ಬಂತು.

“ಕಾಕಾ, ನೆಟ್ ಛಲೋ ಅದ. ರೋಗ ನಿಮ್ಮ ಕಂಪ್ಯೂಟರಿಂದು. ಸಿಪಿಯು ಎಲ್ಲ್ಯದ?”

ಕಾಕಾ ಹೆಮ್ಮೆಯಿಂದ ಬಗ್ಗಿ ಮೇಜಿನ ಕೆಳಗೆ ಒಂದು ಬಾಗಿಲು ತೆರೆದರು. ದಪ್ಪ ತಗಡಿನ ಬಾಗಿಲು! ಒಳಗೆ ನಾಲ್ಕೂ ಕಡೆ ಹಾಸುಗಲ್ಲು, ಒಂದೊಂದು ಕಲ್ಲೂ ಮುಖ ಕಾಣುವಷ್ಟು ಪಾಲಿಶ್ ಆದದ್ದು. ನಡುವೆ ಸಿಪಿಯು ಗವಿಯೊಳಗಿನ ಸಾಧುವಿನಂತೆ ಕೂತಿತ್ತು.

ಧೂಳಿನ ಊರು ನಮ್ಮದು. ಟಿವಿಗೆ ಗವಸು, ಮಿಕ್ಸರಿಗೆ ಗವಸು, ಇಸ್ತ್ರಿ ಪೆಟ್ಟಿಗೆಗೂ ಗವಸು. ಆದರೆ ಕಂಪ್ಯೂಟರಿಗೆ ಕಲ್ಲಿನ ಕೋಟೆ ಕಟ್ಟಿದ್ದು ಕಾಕಾ ಒಬ್ಬರೇ. ನೆಟ್ ಹಿಡಿಯುವ ಉಗುರಿನಷ್ಟು ಚಿಕ್ಕ ತುಣುಕು ಸಿಪಿಯುವಿನ ಬೆನ್ನಿಗೆ ಅಂಟಿಕೊಂಡು, ಆ ಕಲ್ಲು ತಗಡುಗಳ ನಡುವೆ ಉಸಿರುಗಟ್ಟಿತ್ತು.

ಸಿಪಿಯುವನ್ನು ಹೊರಗೆಳೆದೆ. ನೆಟ್ ಕೂಡಲೇ ಓಡಿತು. ನನಗೆ ನಗುವೂ ಬಂತು, ರೇಗಿಯೂ ಹೋಯಿತು. “ಇಷ್ಟೇ ಕಾಕಾ! ಇದಕ್ಕ ಇಷ್ಟು ದಿನ ಜಗಳ ಆಡಿದ್ರೇನು? ಒಡದು ತಗೀರಿ ಈ ಗೂಡು.”

ಕಾಕಾ ಕಲ್ಲಿನ ಮೇಲೆ ಅಂಗೈ ಆಡಿಸಿದರು. ಒಳಗಿನಿಂದ ಬಂದ ಬಸ್ಸಮ್ಮ ಕಾಕಿ ಗಂಡನ ಪರವಾಗಿ ಹೇಳಿದರು: “ಎದಿಗಿ ಧೂಳ ಕುಂತಾದ, ಯಂತ್ರದ ಕಡೀಗಿ ಹೋಗಬ್ಯಾಡ ಅಂದ್ರಲ್ಲ ಡಾಕ್ಟರು, ಅದಕ್ಕಿಂತ ಮೊದಲ ಕೊನೀಗಿ ಪಾಲಿಶ್ ಮಾಡಿದ್ದು ಇವೇ ಕಲ್ಲವ್ವ. ನನಗೊಂದು ಇಷ್ಟು ಚಂದ ಅಡಗಿ ಕಟ್ಟಿ ಮಾಡಿಕೊಟ್ಟಿಲ್ಲ ನೋಡು, ಈ ಡಬ್ಬಿಗಿ ಅರಮನಿ ಕಟ್ಯಾರ.”

ಒಡೆಯಿರಿ ಅಂದದ್ದಕ್ಕೆ ನನಗೇ ಕೆಟ್ಟದೆನಿಸಿತು. ಬಜಾರಿಗೆ ಹೋಗಿ ಒಂದು ಉದ್ದನೆಯ ಯುಎಸ್‌ಬಿ ವೈರು ತಂದೆ. ಸಿಪಿಯು ತನ್ನ ಮನೆಯಲ್ಲೇ ಇರಲಿ, ನೆಟ್ ಹಿಡಿಯುವ ತುಣುಕೊಂದು ಹೊರಗೆ ಬಂದರೆ ಸಾಕು. ಕಾಕಾ ಮುಖಕ್ಕೆ ಒದ್ದೆ ವಸ್ತ್ರ ಕಟ್ಟಿಕೊಂಡು, ನೀರು ಬಿಡುತ್ತ ಬಿಡುತ್ತ, ತಮ್ಮ ಚಂದದ ಕಲ್ಲಿಗೆ ತಾವೇ ತೂತು ಕೊರೆದರು. ಕಲ್ಲು ಎಲ್ಲೂ ಸೀಳಲಿಲ್ಲ. ತುಣುಕನ್ನು ಮೇಲೆ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆವು. ಕಾಕಿ ಅದಕ್ಕೂ ಬಟ್ಟೆಯ ಟೊಪ್ಪಿಗೆ ಹೊಲಿದರು. ಬಟ್ಟೆ ನಡೆಯುತ್ತದೆ ಎಂದು ನಾನೂ ಬಿಟ್ಟೆ.

ಖಾಜಾ ಭಾಯಿ ಕಾಕಾನ ಫೋನು ಎತ್ತಲಿಲ್ಲ. ಕಾಕಿಯ ನಂಬರಿನಿಂದ ಮಾಡಿದಾಗ ಎತ್ತಿದರು.

“ಒಂದ್ ಆಟ ಆಡ್ರಿ ಭಾಯಿ, ನನ್ನ ಸಲುವಾಗಿ,” ಎಂದರು ಕಾಕಿ.

“ನಿಮ್ಮ ಮುಖ ನೋಡಿ ಒಂದೇ ಆಟ, ಭಾಬಿ.”

ಆಟ ಶುರುವಾಯಿತು. ಕಾಕಾ ಎಂದಿಲ್ಲದ ಗಾಬರಿಯಲ್ಲಿ ವಜೀರನನ್ನು ಬೇಗನೆ ಕಳೆದುಕೊಂಡರು. ನಾನು ತಲೆ ಚಚ್ಚಿಕೊಂಡೆ. ಆಮೇಲೆ ಆನೆ ಹೋಯಿತು, ಕುದುರೆ ಹೋಯಿತು. ರಾಜ ಒಬ್ಬನೇ ಮೂಲೆಯಿಂದ ಮೂಲೆಗೆ ಓಡತೊಡಗಿದ. ಹಿಂದೆಲ್ಲ ನೆಟ್ ಸಾಯುತ್ತಿದ್ದದ್ದು ಸರಿಯಾಗಿ ಇಂಥ ಹೊತ್ತಿನಲ್ಲೇ. ಕಾಕಿ ಉಸಿರು ಬಿಗಿಹಿಡಿದು ಮೊಳೆಗೆ ತೂಗಿದ ಟೊಪ್ಪಿಗೆಯನ್ನೇ ನೋಡುತ್ತಿದ್ದರು.

“ಕಾಕಾ, ಹೆಂಗೂ ಹೋಯ್ತು, ಸೋತೆ ಅಂತ ಒತ್ತಿಬಿಡ್ರಿ,” ಎಂದೆ.

“ಉಹುಂ. ಅವ ಹೊಡೀಲಿ. ಅಲ್ಲೀ ಮಟ ನಾ ಏಳಂಗಿಲ್ಲ.”

ಚಕ್ರ ಒಮ್ಮೆಯೂ ಸುತ್ತಲಿಲ್ಲ. ಖಾಜಾ ಭಾಯಿಯ ಆನೆ ಬಂದು ಕೂತಿತು. ರಾಜನಿಗೆ ಜಾಗವಿರಲಿಲ್ಲ. ‘ನೀವು ಸೋತಿದ್ದೀರಿ’ ಎಂದು ಪರದೆ ಹೇಳಿತು.

ಕಾಕಾ ಕುರ್ಚಿಯಿಂದ ಜಿಗಿದೆದ್ದರು. “ಸೋತೆ! ಬಸ್ಸೀ, ಪೂರಾ ಸೋತೆ ನೋಡ!” ಮನುಷ್ಯ ಸೋತು ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು.

ಫೋನು ರಿಂಗಾಯಿತು. ಈ ಸಲ ಕಾಕಾನದೇ ಫೋನು. ಕಾಕಾ ಸ್ಪೀಕರಿಗೆ ಹಾಕಿದರು. ಆ ಕಡೆ ಖಾಜಾ ಭಾಯಿ.

“ಕಾಶ್ಯಾ, ಕಡೀತನಕ ಕುಂತಿದ್ದಿಯಲ್ಲೋ.”

“ಕುಂತಿದ್ದೆ, ಭಾಯಿ.”

“ಮಾಫ್ ಮಾಡೋ ಯಾರ್. ನಾ ಅನ್ನಬಾರದಿತ್ತು.”

ಕಾಕಾ ಮೂಗು ಒರೆಸಿಕೊಂಡು ಮತ್ತೆ ಮೌಸು ಹಿಡಿದರು. “ಮಾಫಿ ಆಮ್ಯಾಲ. ಮೊದಲ ಕಾಯಿ ಜೋಡಸು.”